ಬೀರುವಿನಲ್ಲಿ ಉದುರಿದ ಸೇವಂತಿಗೆ ಎಸಳು

"ಮಧ್ಯಾಹ್ನ ಒಂದು ಗಂಟೆಯೊಳಗೆ ಪುಸ್ತಕ ಸಿಗದಿದ್ದರೆ ನಿಮ್ಮ ಮಗಳು ಸೋಮವಾರದಿಂದ ಶಾಲೆಗೆ ಬರುವಂತಿಲ್ಲ" ಎಂದು ಪ್ರಿನ್ಸಿಪಾಲ್ ಹಾಲೊರನ್ ಫೋನಿನಲ್ಲಿ ಹೇಳಿದಾಗ ಪುಟ್ಟಸ್ವಾಮಿ ಫೋನಿಟ್ಟು ಒಳಗೆ ಓಡಿದ. ಮಾರಿಸ್‌ಟೌನಿನ ಕಂಪನಿಯಲ್ಲಿ ನೂರು ಜನರೆದುರು ಮಾತಾಡುವ ಇಂಜಿನಿಯರು ಆತ. ಆದರೂ ಸಂಕಟ ಬಂದರೆ ಬಾಯಿಗೆ ಬರುವುದು "ಅಕ್ಕಾ" ಎಂಬ ಮಾತೊಂದೇ.

ಅಕ್ಕ ಚಿಕ್ಕತಾಯಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹೂ ಮಾರಿದವಳು. ಎರಡು ವರ್ಷದಿಂದ ಕಡಲಾಚೆಯ ಈ ದೇಶದಲ್ಲಿ ತಮ್ಮನ ಮನೆಯಲ್ಲಿದ್ದಳು. ಇಂಗ್ಲಿಷ್ ನಾಲ್ಕು ಮಾತು ದಾಟುತ್ತಿರಲಿಲ್ಲ. ಆದರೆ ಐಸೆಲಿನ್‌ನ ಸೀರೆ ಅಂಗಡಿಯಲ್ಲಿ ಮಾಯವಾದ ಮೂಗುಬೊಟ್ಟನ್ನೂ ಫ್ಲಶಿಂಗ್ ದೇವಸ್ಥಾನದಲ್ಲಿ ಕಳೆದ ಬೆಳ್ಳಿ ಬಟ್ಟಲನ್ನೂ ಹುಡುಕಿಕೊಟ್ಟವಳು ಅವಳೇ. ಅಲ್ಲಿಂದ ಕನ್ನಡದವರ ಮನೆಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವಳಿಗೆ ಕರೆ ಹೋಗುತ್ತಿತ್ತು.

ಆ ದಿನ, ೧೯೮೮ರ ಅಕ್ಟೋಬರ್ ತಿಂಗಳ ಶನಿವಾರ, ಶಾಲೆಯಲ್ಲಿ ಹೋಮ್‌ಕಮಿಂಗ್. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಮರಳಿ ಬಂದು ಫುಟ್‌ಬಾಲ್ ನೋಡುವ, ಹುಡುಗಿಯೊಬ್ಬಳನ್ನು ರಾಣಿಯೆಂದು ಆರಿಸುವ ಹಬ್ಬ. ಇಪ್ಪತ್ತು ವರ್ಷ ತುಂಬಿದ ಅರವತ್ತೆಂಟರ ತಂಡಕ್ಕೆ ಈ ಸಲ ವಿಶೇಷ ಮರ್ಯಾದೆ. ಅವರ ಕಾಲದ ಫೋಟೊ ಪುಸ್ತಕವನ್ನು ಹಳೆಯ ಸಾಮಾನಿನ ಕೋಣೆಯಿಂದ ಹುಡುಕಿ ತೆಗೆದವಳು ಪುಟ್ಟಸ್ವಾಮಿಯ ಮಗಳು ಉಷಾ. ಮೊಣಕಾಲು ಮುಚ್ಚದ ಸ್ಕರ್ಟಿಗೆ ಮನೆಗೆ ಕಳಿಸುತ್ತಿದ್ದ ಕಾಲದ ಹುಡುಗಿಯರು, ವಿಯೆಟ್ನಾಮಿಗೆ ಹೋಗಲಿದ್ದ ಹುಡುಗರು ಅದರಲ್ಲಿದ್ದರು. ಶುಕ್ರವಾರ ಮೂರೂವರೆಗೆ ಅವಳು ಅದನ್ನು ಗ್ರಂಥಾಲಯದ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಬೀರು ಖಾಲಿ. ತಳದಲ್ಲಿ ಹಳದಿ ಸೇವಂತಿಗೆಯ ಎರಡು ಎಸಳು. ಹಿಂದಿನ ದಿನ ದಸರೆಯ ಪೂಜೆಯ ಹಳದಿ ಸೇವಂತಿಗೆ ಮುಡಿದು ಶಾಲೆಗೆ ಬಂದಿದ್ದವಳು ಉಷಾ ಒಬ್ಬಳೇ. ಹಾಲೊರನ್ ಅವಳ ಹೆಸರನ್ನು ಮೈದಾನದ ಮೈಕಿನಲ್ಲೇ ಕೂಗಿ, ಬ್ಯಾನರ್ ಹಿಡಿದವರ ಸಾಲಿನಿಂದ ಆಚೆ ಕರೆದಿದ್ದ.

"ಐ ಡಿಡಂಟ್ ಟೇಕ್ ಇಟ್, ಅತ್ತೆ" ಎಂದು, ಅಪ್ಪನೊಂದಿಗೆ ಬಂದ ಚಿಕ್ಕತಾಯಮ್ಮನನ್ನು ಕಂಡು ಗ್ರಂಥಾಲಯದ ಬಾಗಿಲಲ್ಲೇ ಉಷಾ ಅತ್ತುಬಿಟ್ಟಳು.

"ಗೊತ್ತು ಕಣವ್ವ. ಅಳ್ಬೇಡ. ನಿನ್ನೆ ಆ ಪುಸ್ತಕದ ವಿಷ್ಯ ಯಾರ ಜೊತೆ ಮಾತಾಡ್ದೆ, ಅದು ಹೇಳು."

ಉಷಾ ಇಂಗ್ಲಿಷಿನಲ್ಲೇ ಹೇಳಿದಳು, ಪುಟ್ಟಸ್ವಾಮಿ ಅಕ್ಕನಿಗೆ ಕನ್ನಡದಲ್ಲಿ ತಿಳಿಸಿದ. ರಾಣಿಯ ಫೋಟೊದ ಅಂಟು ಬಿಟ್ಟುಹೋಗಿ ಹಿಂದೆ ಮಡಿಸಿದ ಕಾಗದ ಕಂಡಿತ್ತು, ಬಿಡಿಸಿ ನೋಡಿರಲಿಲ್ಲ. ಹೋಮ್‌ಕಮಿಂಗ್ ಸಮಿತಿಯ ಅಧ್ಯಕ್ಷೆ ಮಿಸೆಸ್ ಡೋರ್ನ್‌ಗೆ ಮಾತ್ರ ತಿಳಿಸಿದ್ದಳು. ಆ ಶರ್ಲಿ ಡೋರ್ನಳೇ ಅರವತ್ತೆಂಟರ ರಾಣಿ.

ಚಿಕ್ಕತಾಯಮ್ಮ ಎಸಳನ್ನು ಅಂಗೈಯಲ್ಲಿಟ್ಟು ಬುಡವನ್ನು ಉಗುರಿನಿಂದ ಕೆರೆದಳು. ಮೇಜಿನ ಮೇಲೆ ಹೂವಿನಂಗಡಿಯಿಂದ ಆಗತಾನೇ ಬಂದ ಡಬ್ಬಗಳಿದ್ದವು: ಹಳೆಯ ವಿದ್ಯಾರ್ಥಿನಿಯರು ಭುಜಕ್ಕೆ ಚುಚ್ಚಿಕೊಳ್ಳುವ, ನೀಲಿ ರಿಬ್ಬನ್ ಕಟ್ಟಿದ ದಪ್ಪ ಸೇವಂತಿಗೆಗಳು. ಒಂದನ್ನು ತಿರುಗಿಸಿ ನೋಡಿದಳು. ಪಕ್ಕದಲ್ಲಿದ್ದ ಆ ದಿನದ ಸ್ಥಳೀಯ ಪತ್ರಿಕೆಯನ್ನೂ ನೋಡಿದಳು. ಶುಕ್ರವಾರ ಸಂಜೆ ತೆಗೆದ ಫೋಟೊದಲ್ಲಿ ಹಾಲೊರನ್, ಶರ್ಲಿ, ಅವಳ ಸಹಪಾಠಿ ಡೊಲೋರೆಸ್ ರುಸ್ಸೊ ನಗುತ್ತ ನಿಂತಿದ್ದರು.

"ಈ ಮೂವರನ್ನೂ ಕರಿ" ಎಂದಳು.

ಹಾಲೊರನ್ ಗಡಿಯಾರ ನೋಡುತ್ತಲೇ ಕೂತ. ಅಕ್ಕ ಕನ್ನಡದಲ್ಲಿ ಹೇಳಿದ್ದನ್ನು ಪುಟ್ಟಸ್ವಾಮಿ "ದಯವಿಟ್ಟು", "ತಪ್ಪು ತಿಳಿಯಬೇಡಿ" ಸೇರಿಸಿ ಇಂಗ್ಲಿಷಿಗೂ ಅವರು ಹೇಳಿದ್ದನ್ನು ಕನ್ನಡಕ್ಕೂ ತಿರುಗಿಸುತ್ತಿದ್ದ.

"ಏ ಪುಟ್ಟ, ನಾ ಹೇಳ್ದಷ್ಟು ಹೇಳು. ಬೆಣ್ಣೆ ಸವರಬೇಡ" ಎಂದು ಅವಳು ಗದರಿದಳು. "ನಮ್ ಹುಡ್ಗಿ ಮುಡಿದಿದ್ದು ನಾನು ಕಟ್ಟಿದ ಹೂವು. ಬರೀ ದಾರ, ಹೂವು, ಅಷ್ಟೆ. ಈ ಎಸಳಿನ ಬುಡದಲ್ಲಿ ಮೇಣ ಅದೆ. ಡಬ್ಬದಲ್ಲಿರೋ ಹೂವ ತಿರುಗ್ಸಿ ನೋಡಿ. ದಪ್ಪ ಹೂವು ಉದುರಬಾರ್ದು ಅಂತ ನಿಮ್ ಅಂಗಡಿಯೋರು ಹಿಂದೆ ಮೇಣ ಬಿಟ್ಟವ್ರೆ. ಬೀರುವಿನಲ್ಲಿ ಬಿದ್ದಿದ್ದು ಭುಜಕ್ಕೆ ಚುಚ್ಚೋ ಹೂವಿನ ಎಸಳು."

ಹಾಲೊರನ್ ಎಸಳನ್ನು ಬೆಳಕಿಗೆ ಹಿಡಿದ. "ಆದರೆ ಈ ಡಬ್ಬಗಳು ಬಂದದ್ದು ಹನ್ನೊಂದಕ್ಕೆ. ಪುಸ್ತಕ ಹೋದದ್ದು ಅದಕ್ಕೂ ಮೊದಲು."

"ಅದೇ ನಾನೂ ಕೇಳೋದು. ನಿನ್ನೇನೇ ಇಂಥ ಹೂವು ಯಾರತ್ರ ಇತ್ತು? ಪೇಪರ್ ನೋಡಿ. ಮೂವರಲ್ಲಿ ಒಬ್ರ ಭುಜದ ಮೇಲೆ ಮಾತ್ರ ಅದೆ."

ಶರ್ಲಿಯ ಭುಜದ ಮೇಲಿತ್ತು.

"ಫೋಟೊಗೆಂದು ಒಂದನ್ನು ಮೊದಲೇ ಮಾಡಿಸಿದ್ದೆ, ಅಷ್ಟೇ" ಎಂದಳು ಶರ್ಲಿ. "ಬೀರುವಿನ ಬೀಗದ ಕೈ ನನ್ನ ಬಳಿ ಎಲ್ಲಿದೆ?"

"ಎರಡನೆಯದು ನನ್ನ ಆಫೀಸಿನ ಗೋಡೆಯಲ್ಲಿ ತೂಗುತ್ತದೆ" ಎಂದ ಹಾಲೊರನ್ ಮೆಲ್ಲಗೆ. "ನಾವು ಫೋಟೊ ತೆಗೆಸಿಕೊಂಡದ್ದೂ ಅಲ್ಲೇ."

"ಫೋಟೊ ಹಿಂದೆ ಕಾಗದ ಇರೋದು ಗೊತ್ತಿದ್ದಿದ್ದು ನಮ್ ಹುಡ್ಗಿ ಬಿಟ್ರೆ ನಿಮಗೊಬ್ರಿಗೇ ತಾಯಿ" ಎಂದಳು ಚಿಕ್ಕತಾಯಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅದರಲ್ಲೇನಿತ್ತೋ ನಂಗೊತ್ತಿಲ್ಲ. ಅದನ್ನ ನೀವೇ ಹೇಳ್ಬೇಕು."

ಈ ಸಲ ಪುಟ್ಟಸ್ವಾಮಿ ಒಂದು ಮಾತೂ ಸೇರಿಸಲಿಲ್ಲ.

ಶರ್ಲಿ ಎದ್ದುಹೋಗಿ ತನ್ನ ಕಾರಿನಿಂದ ಪುಸ್ತಕ ತಂದಿಟ್ಟಳು. ಹಿಂದಿನ ಸಂಜೆ ಆಫೀಸಿನ ಗೋಡೆಯ ಬೀಗದ ಕೈಯಿಂದ ಬೀರು ತೆಗೆದಾಗ ಜವಾನನ ಹೆಜ್ಜೆ ಕೇಳಿ, ಕಾಗದ ಕಿತ್ತುಕೊಳ್ಳಲು ಹೊತ್ತಿಲ್ಲದೆ ಪುಸ್ತಕವನ್ನೇ ಒಯ್ದಿದ್ದಳು. ಹಾಲೊರನ್ ಕಾಗದ ಬಿಡಿಸಿದ. ಅರವತ್ತೆಂಟರ ರಾಣಿಯ ಚುನಾವಣೆಯ ಎಣಿಕೆ ಅದು. ಡೊಲೋರೆಸ್ ರುಸ್ಸೊ, ೨೧೪. ಶರ್ಲಿ, ೧೯೮.

"ಆಗ ವೋಟು ಎಣಿಸಿದವಳು ನಾನೇ" ಎಂದಳು ಶರ್ಲಿ. "ಕಾಗದ ಹರಿಯಲು ಧೈರ್ಯ ಬರಲಿಲ್ಲ, ಬಚ್ಚಿಟ್ಟೆ. ಇಷ್ಟು ವರ್ಷ ಪುಸ್ತಕವೇ ಹೋಯಿತು ಎಂದುಕೊಂಡು ನೆಮ್ಮದಿಯಾಗಿದ್ದೆ."

ಪುಟ್ಟಸ್ವಾಮಿಗೆ ಮೈಯೆಲ್ಲ ಉರಿಯಿತು. ಸತ್ತ ಚುನಾವಣೆಯೊಂದರ ಮಾನ ಉಳಿಸಲು ಇವಳು ನನ್ನ ಮಗಳ ಮಾನ ತೆಗೆದಳಲ್ಲ ಎಂದುಕೊಂಡ.

ಹಾಲೊರನ್ ಮತ್ತೆ ಗಡಿಯಾರ ನೋಡಿದ. "ಮಿಸ್ಟರ್ ಸ್ವಾಮಿ, ನಮ್ಮಿಂದ ತಪ್ಪಾಯಿತು. ಈಗ ಆಟ ಶುರುವಾಗುತ್ತದೆ, ಸಾವಿರಾರು ಜನ ಸೇರಿದ್ದಾರೆ. ಸೋಮವಾರ ಮನೆಗೊಂದು ಪತ್ರ ಬರೆಯುತ್ತೇನೆ."

ಪುಟ್ಟಸ್ವಾಮಿ ರೂಢಿಯಂತೆ "ಥ್ಯಾಂಕ್ ಯೂ" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಡೊಲೋರೆಸ್ ಎದ್ದು ನಿಂತಳು. ಎಣಿಕೆಯ ಕಾಗದವನ್ನು ಅವಳು ಮುಟ್ಟಲೂ ಇಲ್ಲ. ನೇರವಾಗಿ ಉಷಾಳ ಬಳಿ ಹೋಗಿ ಅವಳ ಕೈ ಹಿಡಿದುಕೊಂಡಳು.

"ಮಿಸ್ಟರ್ ಹಾಲೊರನ್, ನನ್ನ ಹೆಸರು ನನಗೆ ಸಿಗಲು ಇಪ್ಪತ್ತು ವರ್ಷ ಹಿಡಿಯಿತು" ಎಂದಳು. "ಈ ಹುಡುಗಿಯನ್ನು ಸೋಮವಾರದವರೆಗೂ ಕಾಯಿಸಬೇಡಿ. ಬೆಳಿಗ್ಗೆ ನೀವು ಇವಳ ಹೆಸರು ಕೂಗಿದ ಮೈಕು ಇನ್ನೂ ಮೈದಾನದಲ್ಲೇ ಇದೆ."