ಅಳಿಸದೆ ಬಿಟ್ಟ ಮಚ್ಚೆ

ಆರು ತಿಂಗಳ ಮೇಲೆ ಅವನು ಎದುರಿಗೆ ಬಂದು ನಿಂತಾಗ ಅವಳ ಮುಖದ ಮೇಲೆ ಪೌಡರಿನ ಸುಳಿವೂ ಇರಲಿಲ್ಲ!

ಮದುವಣಗಿತ್ತಿಯರಿಗೆ ಮೇಕಪ್ ಮಾಡಿ ಬದುಕುವವಳು ಬರೀ ಮುಖದಲ್ಲಿ ಸಿಕ್ಕಿಬೀಳುವುದೆಂದರೆ... ಅದೂ ಯಾರ ಕಣ್ಣಿಗೆ? ಅವಳೇ ನಿಶ್ಚಿತಾರ್ಥದ ಉಂಗುರ ಹಿಂದಿರುಗಿಸಿ ಬಂದಿದ್ದ ಆ ಫೋಟೋಗ್ರಾಫರನ ಕಣ್ಣಿಗೆ. ಚರ್ಮದ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದವಳು ತಟ್ಟನೆ ಅಂಗೈಯಿಂದ ಎಡಗೆನ್ನೆಯ ಮಚ್ಚೆಯನ್ನು ಮುಚ್ಚಿಕೊಂಡಳು.

'ಇವನನ್ನು ಕರೆಸಿದ್ದು ಯಾರು?'

ಪಕ್ಕದಲ್ಲಿದ್ದ ಅಕ್ಕ ಏನೂ ಅರಿಯದವಳಂತೆ ಛಾವಣಿಯ ಫ್ಯಾನು ನೋಡುತ್ತಿದ್ದಳು. ಅಲ್ಲಿಗೆ ಉತ್ತರ ಸಿಕ್ಕಿತು.

ಮಚ್ಚೆಯಿಂದ ರಕ್ತ ಜಿನುಗಿದ್ದನ್ನು ಕಂಡು ಬೆಳಿಗ್ಗೆ ಅವಳನ್ನು ಇಲ್ಲಿಗೆ ಎಳೆದು ತಂದವಳೂ ಅಕ್ಕನೇ. ಆ ಒಂದು ಮಚ್ಚೆ ತೋರಿಸಿ ಓಡಿಬಿಡೋಣ ಎಂದುಕೊಂಡಿದ್ದವಳನ್ನು ಡಾಕ್ಟರಮ್ಮ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಚರ್ಮದ ಕ್ಯಾನ್ಸರ್ ಅನುಮಾನ ಬಂದರೆ ಅಡಿಯಿಂದ ಮುಡಿಯವರೆಗೂ ನೋಡಬೇಕು ಎಂದರು. ಮೇಕಪ್ ತೊಳೆಸಿದರು. ಉಗುರಿನ ಕೆಳಗೂ ಕಪ್ಪು ಗೆರೆ ಅಡಗಿರಬಹುದೆಂದು ನೇಲ್ ಪಾಲಿಶ್ ತೆಗೆಸಿದರು. ಒಳಉಡುಪಿನ ಮೇಲೆ ಗೌನು ಹಾಕಿಕೊಳ್ಳಿ, ಅಕ್ಕ ಜೊತೆಗಿರಲಿ, ಮುಜುಗರವಾದರೆ ಹೇಳಿ, ನಿಲ್ಲಿಸುತ್ತೇನೆ ಎಂದು ಧೈರ್ಯ ತುಂಬಿದರು.

ಕೂದಲು ಸರಿಸಿ ನೆತ್ತಿ, ಕಿವಿಯ ಹಿಂದೆ, ಬೆನ್ನು, ಕಾಲ್ಬೆರಳ ಸಂದು... ದೀಪವಿರುವ ಪುಟ್ಟ ಭೂತಗನ್ನಡಿ ಹಿಡಿದು ನೋಡಿದ್ದೇ ನೋಡಿದ್ದು. ನೋವೇನೂ ಆಗಲಿಲ್ಲ. ಅಂಗಾಲಿಗೆ ಬಂದಾಗ ಕಚಗುಳಿಯಾಗಿ ನಕ್ಕೇಬಿಟ್ಟಳು.

ಕೆನ್ನೆಗೆ ಬಂದಾಗ ಮಾತ್ರ ಡಾಕ್ಟರಮ್ಮ ಭೂತಗನ್ನಡಿಯನ್ನು ಅಲ್ಲೇ ಹಿಡಿದು ನಿಲ್ಲಿಸಿದರು.

"ಇದು ಮೊದಲು ಹೇಗಿತ್ತು? ದೊಡ್ಡದಾಗಿದೆಯಾ?"

"ಗೊತ್ತಿಲ್ಲ ಮೇಡಂ."

"ದಿನಾ ಕನ್ನಡಿ ನೋಡ್ತೀರಲ್ಲ?"

"ಮಚ್ಚೆ ನೋಡಲ್ಲ ಮೇಡಂ... ಮುಚ್ತೀನಿ."

ನಿಜವೇ. ಸ್ಕೂಲಿನಲ್ಲಿ ಯಾರೋ ಆಡಿಕೊಂಡು ನಕ್ಕ ದಿನದಿಂದ ಅವಳ ಬೆರಳು ಮೊದಲು ಹೋಗುತ್ತಿದ್ದುದು ಆ ಮಚ್ಚೆಗೆ. ಮೊಬೈಲಿನ ತುಂಬ ಅವಳದೇ ಫೋಟೋ, ಒಂದರಲ್ಲೂ ಮಚ್ಚೆಯಿಲ್ಲ! ಹಳೆಯ ಫೋಟೋ ಇದ್ದಿದ್ದರೆ ಎಷ್ಟು ಬದಲಾಗಿದೆಯೆಂದು ತಿಳಿಯುತ್ತಿತ್ತು, ಹೇಗಿದ್ದರೂ ಮಚ್ಚೆಯನ್ನು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು ಡಾಕ್ಟರಮ್ಮ. ಅಷ್ಟು ಸಾಕಾಗಿತ್ತು, ಅಕ್ಕ ಫೋನ್ ಹಿಡಿದು ಹೊರಗೆ ಹೋದಳು.

ಮಚ್ಚೆ ಇರುವ ಫೋಟೋ ಇದ್ದದ್ದು ಅವನೊಬ್ಬನ ಹತ್ತಿರ. ಅವರಿಬ್ಬರ ಸಂಬಂಧ ಮುರಿದದ್ದೂ ಅವೇ ಫೋಟೋಗಳಿಂದ.

ಅವಳು ಸಿಂಗರಿಸಿದ ಮದುಮಗಳ ಫೋಟೋ ಅವನು ತೆಗೆಯುತ್ತಿದ್ದ. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸುತ್ತಿದ್ದ. ತಮ್ಮದೇ ನಿಶ್ಚಿತಾರ್ಥದ ದಿನ ಬೆವರಿಗೆ ಅವಳ ಮೇಕಪ್ ಕರಗಿತ್ತು. ಆ ಫೋಟೋಗಳನ್ನು ತಿದ್ದಿ ಆಲ್ಬಂ ಮಾಡುವವನೂ ಅವನೇ, ಮಚ್ಚೆ ಅಳಿಸು ಎಂದು ಹೇಳಿಯೂ ಇದ್ದಳು. ಆಲ್ಬಂ ತೆರೆದರೆ ಪುಟಪುಟದಲ್ಲೂ ಮಚ್ಚೆ! ನೆಂಟರು ಮುಸಿಮುಸಿ ನಕ್ಕರು. ಊರ ಹೆಣ್ಣುಮಕ್ಕಳಿಗೆಲ್ಲ ಮಾಡುವ ಕೆಲಸ ನನಗೊಬ್ಬಳಿಗೆ ಭಾರವಾಯಿತೇ ಎಂದು ಕೇಳಿದರೆ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವತ್ತೇ ಅವಳು ಉಂಗುರ ಕಳಚಿ ಕೊಟ್ಟು ಬಂದಿದ್ದಳು.

"ಫೋಟೋ ತಂದಿದ್ದೀನಿ. ಒಳಗೆ ಬರಲಾ?" ಎಂದ ಅವನು, ಬೆಂಚಿನ ಮುಂದೆ ನಿಂತೇ.

ಅವಳು ತಲೆಯಾಡಿಸಿದಳು. ಡಾಕ್ಟರಮ್ಮ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ಹಿಗ್ಗಿಸಿದರು. ಆಗ ದುಂಡಗೆ, ಒಂದೇ ಕಂದು ಬಣ್ಣ. ಈಗ ಅಂಚು ಒರಟಾಗಿದೆ, ಒಂದು ಬದಿ ಕಪ್ಪಗಾಗಿದೆ. ಇನ್ನು ಕಾಯುವುದು ಬೇಡ, ಇವತ್ತೇ ತೆಗೆಯೋಣ ಎಂದರು. ಮರಗಟ್ಟುವ ಇಂಜೆಕ್ಷನ್ ಚುರುಕೆಂದದ್ದಷ್ಟೇ ಅವಳಿಗೆ ಗೊತ್ತಾಯಿತು, ಆಮೇಲೆ ಹೊಲಿಗೆ, ಪಟ್ಟಿ.

ರಿಪೋರ್ಟಿಗೆ ಕಾಯುವ ಆ ದಿನಗಳು ಯಾರಿಗೂ ಬೇಡ! ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಅವನು ದಿನವೂ ಬಂದು ಅಕ್ಕನ ಜೊತೆ ಹರಟಿ ಹೋಗುತ್ತಿದ್ದ, ಇವಳ ಜೊತೆ ಮಾತಿಲ್ಲ. ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ.

"ಅವತ್ತು ಯಾಕೆ ಅಳಿಸ್ಲಿಲ್ಲ?"

"ಅಳಿಸಿ ನೋಡ್ದೆ. ಯಾರೋ ಬೇರೆ ಹುಡುಗಿ ನನ್ನ ಪಕ್ಕ ನಿಂತ ಹಾಗಿತ್ತು. ನಂಗೆ ಅವಳು ಬೇಕಿರ್ಲಿಲ್ಲ."

"ಆಗ್ಲೇ ಹೇಳೋಕೆ ಏನಾಗಿತ್ತು ನಿಂಗೆ?"

"ನೀನು ಕೇಳ್ಕೊಂಡಿದ್ದೆ, ನಾನು ಮಾಡ್ಲಿಲ್ಲ. ಏನು ಮುಖ ಇಟ್ಕೊಂಡು ಹೇಳ್ಲಿ?"

'ಇಷ್ಟು ದಿನ ಇವನನ್ನು ಸುಮ್ಮನೆ ಬೈದುಕೊಂಡೆನಲ್ಲ...'

ರಿಪೋರ್ಟ್ ಬಂದ ದಿನ ಮೂವರೂ ಡಾಕ್ಟರಮ್ಮನ ಎದುರು ಕೂತರು. ಕ್ಯಾನ್ಸರೇ ಎಂದರು ಅವರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಅವನು ಅವಳ ಕೈ ಹಿಡಿದ. ಆದರೆ ಅದಿನ್ನೂ ಮೇಲ್ಪದರದಲ್ಲೇ ಇತ್ತು. ಸುತ್ತಲಿನ ಚರ್ಮ ಇನ್ನಷ್ಟು ತೆಗೆದರೆ ಸಾಕು, ಕಲೆ ಉಳಿಯುತ್ತದೆ, ಮುಂದೆಯೂ ತಪಾಸಣೆಗೆ ತಪ್ಪಿಸಬಾರದು ಎಂದರು. ಅವಳು ಅವನ ಕೈ ಬಿಡಲಿಲ್ಲ.

ಸುತ್ತಲಿನ ಚರ್ಮ ತೆಗೆದ ಎರಡನೆಯ ಗಾಯವೂ ಮಾಗಿದ ಮೇಲೆ ಅವಳು ಅವನ ಸ್ಟುಡಿಯೋಗೆ ಬಂದು, ತೊಳೆದ ಮುಖದಲ್ಲೇ ಕ್ಯಾಮೆರಾದ ಮುಂದೆ ಕೂತಳು. ಎಡಗೆನ್ನೆಯಲ್ಲಿ ಉದ್ದನೆಯ ಕೆಂಪು ಗೆರೆ.

"ತೆಗಿ. ಡಾಕ್ಟರಮ್ಮನಿಗೆ ಮುಂದಿನ ಸಲ ಹಳೇ ಫೋಟೋ ಬೇಕಾಗುತ್ತೆ."

"ಈ ಸಲ ನೀನು ಹೇಳಿದ ಹಾಗೇ ಮಾಡ್ತೀನಿ. ಕಲೆ ಅಳಿಸ್ಲಾ?"

"ಮುಟ್ಟಿದ್ರೆ ನೋಡು!" ಎಂದಳು. ಆಮೇಲೆ ಮೆಲ್ಲಗೆ, "ಉಂಗುರ ಎಲ್ಲಿಟ್ಟಿದ್ದೀಯ?"

"ಕ್ಯಾಮೆರಾ ಬ್ಯಾಗಲ್ಲೇ ಇದೆ. ನೀನು ಕೊಟ್ಟುಹೋದ ದಿನದಿಂದ."

ಅವಳು ಕೆನ್ನೆ ಮುಚ್ಚಿಕೊಳ್ಳುತ್ತಿದ್ದ ಕೈಯನ್ನು ಅವನ ಮುಂದೆ ಚಾಚಿದಳು.