ಬೋರು ಕೊರೆಸೋಣ

"ಮಿ ಕೊರಸೋನ್, ಮಿ ಕೊರಸೋನ್, ಎಸ್ತಾ ಎನ್ ಕಾಸಾ..."

ಹಿತ್ತಲಿನ ಹುಳುಮನೆಯಿಂದ ಈ ಸಾಲು ಹದಿನೇಳನೇ ಸಲ ಕೇಳಿಬಂತು.

"ಯಾರ್ ಜೊತೆ ಜಗಳ ಆಡ್ತಾವ್ರೆ ಅವರು?" ಎಂದು ಅಜ್ಜಿ ಅಮ್ಮಯಮ್ಮ ಕೇಳಿದರು.

"ಜಗಳ ಅಲ್ಲ ಅಜ್ಜಿ, ಸಂಗೀತ," ಎಂದಳು ಸಿಂಚನ. "ನಾವು ಹಾಗಂತ ಅಂದ್ಕೋಬೇಕಂತೆ."

ಹುಳುಮನೆಯಲ್ಲಿ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದರು. ಪಾಪದ ಹುಳುಗಳು. ಸೊಪ್ಪು ತಿಂದು ಗೂಡು ಕಟ್ಟಿಕೊಂಡು ತಮ್ಮ ಪಾಡಿಗೆ ತಾವಿರುತ್ತಿದ್ದವು. ಈಗ ಅಲ್ಲಿ ಪ್ರತಿ ಭಾನುವಾರ ಬ್ಯಾಂಡ್.

ಹಾಡುವವಳು ಶಿಲ್ಪ ಅತ್ತೆ, ಸಿಂಚನಳ ಅಪ್ಪನ ತಂಗಿ. ವಾರವೆಲ್ಲ ದೊಡ್ಡಬಳ್ಳಾಪುರದ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಗಿಟಾರ್ ಬಾರಿಸುವ ಕಾಂತರಾಜು ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದ. ಅಲ್ಲಿನ ಸದ್ದು ಸಾಲದೆ ಇಲ್ಲಿಗೂ ಬರುತ್ತಿದ್ದ. ಡ್ರಮ್ಸ್ ಬೈರೇಶನದು. ಅವನು ದೇವನಹಳ್ಳಿಯಲ್ಲಿ ಹಲ್ಲಿನ ಡಾಕ್ಟರ್. ಆರು ದಿನ ಒಬ್ಬೊಬ್ಬರನ್ನೇ ನರಳಿಸಿ, ಭಾನುವಾರ ಊರಿಗೆಲ್ಲ ಒಟ್ಟಿಗೆ ಚಿಕಿತ್ಸೆ ಕೊಡುತ್ತಿದ್ದ.

"ನಮ್ದು ಲ್ಯಾಟಿನ್ ಪಾಪ್ ರಾಕ್ ಕಣೆ," ಎಂದು ಅತ್ತೆ ಒಮ್ಮೆ ವಿವರಿಸಿದ್ದಳು. "ಸ್ಪ್ಯಾನಿಷ್‌ನಲ್ಲಿ ಹಾಡ್ತೀವಿ."

"ನಮ್ಮೂರು ತೂಬಗೆರೇಲಿ ಎಷ್ಟು ಜನಕ್ಕೆ ಸ್ಪ್ಯಾನಿಷ್ ಬರುತ್ತೆ ಅತ್ತೆ?"

"ನನಗೆ ಬರುತ್ತೆ."

"ಸರಿ, ಹಾಗಾದ್ರೆ ನೀನೇ ಹಾಡು, ನೀನೇ ಕೇಳು."

ಬ್ಯಾಂಡಿನ ಹೆಸರು 'ಎಲ್ ಸೋಲ್'. ಅಂದರೆ ಸೂರ್ಯ ಎಂದರ್ಥವಂತೆ. ಸಿಂಚನ ಅದನ್ನು 'ಎಲ್ಲಾ ಸೋಲು' ಎಂದು ಕರೆಯುತ್ತಿದ್ದಳು. ಹೆಸರಿಟ್ಟವರಿಗೆ ಮೊದಲೇ ಗೊತ್ತಿತ್ತು ಎನ್ನುವುದು ಅವಳ ವಾದ.

ಸೋಮವಾರ ಕ್ಲಾಸಿನಲ್ಲಿ ಟೀಚರ್ ಬರುವುದು ತಡವಾಯಿತು. ಸಿಂಚನ ಸ್ಕೇಲನ್ನು ಮೈಕ್ ಮಾಡಿಕೊಂಡು, ಕಣ್ಣು ಮುಚ್ಚಿ, ಅತ್ತೆಯ ಹಾಗೆಯೇ ಎದೆಯ ಮೇಲೆ ಕೈ ಇಟ್ಟು ಹಾಡಿದಳು:

"ಬೋರು ಕೊರೆಸೋಣ, ಬೋರು ಕೊರೆಸೋಣ, ಎಷ್ಟಾಗ್ಲಿ ಕಾಸಾ..."

ಪಕ್ಕದ ಬೆಂಚಿನ ಅಂಜನ್ ನಗುತ್ತಾ ನೀರಿನ ಬಾಟಲಿ ಬೀಳಿಸಿದ. "ಲೇ ಸೂಪರ್ ಕಣೆ. ಇನ್ನೊಂದ್ಸಲ."

ಇನ್ನೊಂದು ಸಲ ಆಯಿತು. ಮತ್ತೊಂದು ಸಲವೂ ಆಯಿತು. ಊಟದ ಬೆಲ್ ಹೊಡೆಯುವ ಹೊತ್ತಿಗೆ ನಾಲ್ಕನೇ ಕ್ಲಾಸಿನವರಿಗೂ ಬಾಯಿಪಾಠವಾಗಿತ್ತು. ಮಗ್ಗಿ ಹೀಗೆ ಹರಡಿದ್ದರೆ ಲೆಕ್ಕದ ಮೇಷ್ಟರು ಕುಣಿಯುತ್ತಿದ್ದರು.

ಎರಡು ವಾರ ಸಿಂಚನ ಶಾಲೆಯ ಸ್ಟಾರ್ ಆಗಿದ್ದಳು. ಆಮೇಲೆ ಒಂದು ದಿನ ಹೆಡ್‌ಮಾಸ್ಟರ್ ವೆಂಕಟರಾಮಪ್ಪನವರು ಪ್ರೇಯರ್‌ನಲ್ಲಿ ಘೋಷಿಸಿದರು: "ಈ ಸಲದ ಸ್ಕೂಲ್ ಡೇಗೆ ನಮ್ಮೂರಿನದೇ ಬ್ಯಾಂಡ್ ಬರ್ತಾ ಇದೆ. ನಮ್ಮ ಸಿಂಚನಳ ಅತ್ತೆ ವಿದೇಶಿ ಹಾಡು ಹಾಡ್ತಾರೆ."

ಎಲ್ಲರೂ ಸಿಂಚನಳ ಕಡೆ ತಿರುಗಿ ಕಿಸಕ್ಕೆಂದರು. ಅವಳಿಗೆ ಮಾತ್ರ ನಗು ಬರಲಿಲ್ಲ.

ಅವತ್ತಿಡೀ ಅವಳು ಒಬ್ಬೊಬ್ಬರ ಹತ್ತಿರವೂ ಹೋದಳು. "ಸ್ಕೂಲ್ ಡೇ ದಿನ ಮಾತ್ರ ಅದು ಬೇಡ ಕಣ್ರೋ, ಪ್ಲೀಸ್."

"ಏ, ನಾವ್ಯಾಕೆ ಹಾಡ್ತೀವಿ?" ಎಂದ ಅಂಜನ್, ಬಹಳ ಒಳ್ಳೆಯವನಂತೆ.

ಸ್ಕೂಲ್ ಡೇ ಮಧ್ಯಾಹ್ನ ಅತ್ತೆ ಹಸಿರು ಸೀರೆ ಉಟ್ಟು ವೇದಿಕೆ ಹತ್ತಿದಳು. ಸೀರೆಯಲ್ಲಿ ಸ್ಪ್ಯಾನಿಷ್ ಹಾಡುವ ವಿಚಾರ ಅವಳದೇ. ಕಾಂತರಾಜು ಗಿಟಾರ್ ಮೀಟಿದ. ಅತ್ತೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಇಟ್ಟಳು.

"ಮಿ ಕೊರಸೋನ್..."

"ಬೋರು ಕೊರೆಸೋಣ," ಎಂದಿತು ಕೂತಿದ್ದ ಮಕ್ಕಳ ಎರಡನೇ ಸಾಲು. ಅಂಜನ್ ಕೂತಿದ್ದ ಸಾಲು. ಮರುಕ್ಷಣ ಇಡೀ ಮೈದಾನ ಹಾಡಿತು. ಅಪ್ಪ ಅಮ್ಮಂದಿರು ನಕ್ಕರು. ಸೀಟಿ ಕೇಳಿಸಿತು. ಪಿ.ಟಿ. ಮೇಷ್ಟರು ಬಾಯಿಗೆ ಕರ್ಚೀಫ್ ಒತ್ತಿಕೊಂಡರು.

ಅತ್ತೆ ಕಣ್ಣು ತೆರೆದಳು. ಮೊದಲು ಅವಳಿಗೆ ಏನೆಂದು ಅರ್ಥವಾಗಲಿಲ್ಲ. ಆಮೇಲೆ ಮಕ್ಕಳೆಲ್ಲ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದನ್ನು ನೋಡಿದಳು. ಅವಳ ಕಣ್ಣು ಸಿಂಚನಳನ್ನು ಹುಡುಕಿತು. ಸಿಂಚನ ಬಗ್ಗಿ, ಚೆನ್ನಾಗಿಯೇ ಕಟ್ಟಿದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು.

ಹಾಡು ನಿಲ್ಲಲಿಲ್ಲ. ಅತ್ತೆಯ ದನಿ ಒಂದೆರಡು ಕಡೆ ನಡುಗಿತು, ಆದರೂ ಕೊನೆಯ ಸಾಲಿನವರೆಗೂ ಹಾಡಿಯೇ ಕೈ ಮುಗಿದಳು. "ಇಷ್ಟು ಒಳ್ಳೆ ಇಂಗ್ಲಿಷ್ ಹಾಡು ಹಾಡಿದ್ದಕ್ಕೆ ಧನ್ಯವಾದ," ಎಂದು ಹೆಡ್‌ಮಾಸ್ಟರ್ ಶಾಲು ಹೊದಿಸಿದರು.

ಸಿಂಚನ ಅತ್ತೆಯ ಸ್ಕೂಟರಿನ ಹಿಂದೆ ಕೂತು ಮನೆಗೆ ಹೊರಟಳು. ಅರ್ಧ ದಾರಿ ಕಳೆಯಿತು.

"ಆ ಸಾಲು ಯಾರು ಕಟ್ಟಿದ್ದು?" ಅತ್ತೆ ಕೇಳಿದಳು. "ತಾಳಕ್ಕೆ ಸರಿಯಾಗಿ ಕೂತಿದೆ."

ಅಂಜನ್ ಎನ್ನಬಹುದಿತ್ತು. ಆ ಹೆಸರು ನಾಲಿಗೆಯ ತುದಿಗೇ ಬಂದಿತ್ತು.

"ನಾನೇ," ಎಂದಳು ಸಿಂಚನ.

"ಗೊತ್ತಾಯ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈದರೆ ಎದುರು ಮಾತಾಡಬಹುದು. ಸುಮ್ಮನಿದ್ದವರಿಗೆ ಏನು ಹೇಳುವುದು?

"ಅತ್ತೆ, ನಿಜವಾಗ್ಲೂ ಅದರ ಅರ್ಥ ಏನು?"

ಸ್ಕೂಟರ್ ನಿಧಾನವಾಯಿತು. "ಈಗ ಕೇಳ್ತಾ ಇದ್ದೀಯಲ್ಲ, ಇಷ್ಟು ದಿನ ಆದ್ಮೇಲೆ," ಎಂದಳು ಅತ್ತೆ. "ನನ್ನ ಮನಸ್ಸು ಮನೇಲಿದೆ ಅಂತ. ಕಂಪನಿಯವರು ಟ್ರೈನಿಂಗ್‌ಗೆ ಮೆಕ್ಸಿಕೋಗೆ ಕಳಿಸಿದ್ರಲ್ಲ, ಆಗ ಬರೆದಿದ್ದು. ನಾನಲ್ಲಿದ್ದಾಗ ಅಜ್ಜಿಗೆ ಆಪರೇಷನ್ ಆಯ್ತು. ಹೆದರ್ಕೋತೀನಿ ಅಂತ ನಂಗ್ಯಾರೂ ಹೇಳ್ಲಿಲ್ಲ. ಹತ್ತು ದಿನ ಆದ್ಮೇಲೆ ಗೊತ್ತಾಯ್ತು. ಕನ್ನಡದಲ್ಲಿ ಅಳೋಣ ಅಂದ್ರೆ ಅಲ್ಲಿ ಒಬ್ಬರಿಗೂ ಅರ್ಥ ಆಗಲ್ಲ. ಅದಕ್ಕೆ ಅವರ ಭಾಷೇಲೇ ಬರೆದೆ."

ಅತ್ತೆಯ ಸೀರೆಯ ಸೆರಗು ಗಾಳಿಗೆ ಹಾರಿ ಚಕ್ರದ ಕಡೆ ಹೋಗುತ್ತಿತ್ತು. ಸಿಂಚನ ಅದನ್ನು ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು.

ಮನೆಯ ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಹೆಂಗಾಯ್ತಮ್ಮ ಪ್ರೋಗ್ರಾಮು?"

ಸಿಂಚನ ಮತ್ತೆ ಶೂ ಲೇಸಿಗೆ ಬಗ್ಗಿದಳು.

"ಚೆನ್ನಾಗಾಯ್ತಮ್ಮ," ಎಂದಳು ಅತ್ತೆ ಚಪ್ಪಲಿ ಬಿಡುತ್ತಾ. "ಮಕ್ಕಳೆಲ್ಲ ಜೊತೇಲೇ ಹಾಡಿದ್ರು."

ಅದು ಸುಳ್ಳಾಗಿರಲಿಲ್ಲ. ಅದಕ್ಕೇ ಸಿಂಚನಳಿಗೆ ತಲೆಯೆತ್ತಲಾಗಲಿಲ್ಲ.

ಅತ್ತೆ ಒಳಗೆ ಹೋದ ಮೇಲೆ ಅವಳು ಅಜ್ಜಿಯ ಪಕ್ಕ ಕೂತು ಕಾಯಿ ಸುಲಿಯತೊಡಗಿದಳು.

"ಅಜ್ಜಿ, ಅತ್ತೆ ಹಾಡ್ತಾಳಲ್ಲ, ಅದರ ಅರ್ಥ ಹೇಳ್ಲಾ?"

"ಅದಕ್ಕೂ ಒಂದು ಅರ್ಥ ಐತಾ? ಹೇಳು ಮತ್ತೆ."

ಸಿಂಚನ ಹೇಳಿದಳು. ಮೆಕ್ಸಿಕೋ, ಆಪರೇಷನ್, ಹತ್ತು ದಿನ, ಎಲ್ಲವನ್ನೂ. ಒಂದು ತಮಾಷೆಯನ್ನೂ ಸೇರಿಸಲಿಲ್ಲ. ಅಜ್ಜಿಯ ಕೈ ಕಾಯಿಯ ಮೇಲೆ ಹಾಗೇ ನಿಂತಿತು. ಸಿಂಚನ ಅವರ ಪಾಲಿನ ಕಾಯನ್ನೂ ತನ್ನ ಕಡೆ ಎಳೆದುಕೊಂಡಳು.