ಗಿಡ್ಡ ಕಾವಿನ ಗುದ್ದಲಿ

"ಆ ಚೀಟಿ ಕಿತ್ತು ಹಾಕಿ."

ನೆರೇಯ್ಡಾ ತಲೆಯೆತ್ತಿದಳು. ಎದುರಿಗೆ ಅಪರಿಚಿತ ಯುವಕನೊಬ್ಬ ನಿಂತಿದ್ದ. ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯ ವಿಶ್ವವಿದ್ಯಾಲಯದಲ್ಲಿ ಚಿಕಾನೊ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ ಅಧ್ಯಯನದ ಕೊನೆಯ ವರ್ಷ ಅವಳದು. ವಿಭಾಗದ ಪ್ರದರ್ಶನಕ್ಕೆ ಯಾರೋ ಕೊಟ್ಟುಹೋಗಿದ್ದ ಗಿಡ್ಡ ಕಾವಿನ ಗುದ್ದಲಿಗೆ ‘ಬಳಸಿದವರು ತಿಳಿದಿಲ್ಲ’ ಎಂಬ ಚೀಟಿ ಅಂಟಿಸುತ್ತಿದ್ದಳು.

"ತಿಳಿದಿಲ್ಲ ಅಂತೀರಲ್ಲ, ಕೊಟ್ಟುಹೋದ ನನ್ನನ್ನ ಕೇಳಿದ್ರಾ? ಕಾವಿಗೆ ಸುತ್ತಿರೋದು ನಮ್ಮಜ್ಜಿಯ ಹಳೇ ಲಂಗದ ಬಟ್ಟೆ. ಹೆಸರು ಎದುವಿಹೆಸ್. ಬರ್ಕೊಳ್ಳಿ."

ಎಷ್ಟು ಜಂಭ ಇವನಿಗೆ! ಅಂದುಕೊಂಡಳು. ಆದರೂ ಬರೆದುಕೊಂಡಳು.

ಅವನು ಎಲಿಸೆಯೊ, ಲಾರಿ ಮೆಕ್ಯಾನಿಕ್. ಅಜ್ಜಿಯ ಕಥೆ ರೆಕಾರ್ಡ್ ಮಾಡಲು ನೆರೇಯ್ಡಾ ಪ್ರತಿ ಶನಿವಾರ ಅವರ ಮನೆಗೆ ಹೋಗತೊಡಗಿದಳು. ಈ ಹುಡುಗಿ ಬರುವ ದಿನ ಮಾತ್ರ ಮೊಮ್ಮಗ ಉಗುರಿನ ಗ್ರೀಸನ್ನೂ ತೊಳೆದುಕೊಂಡು ಬರುತ್ತಾನೆಂದು ಅಜ್ಜಿ ತಮಾಲೆ ಬಡಿಸುತ್ತಾ ಛೇಡಿಸುತ್ತಿದ್ದಳು. ಅವನು ನಾಚಿದರೆ ಇವಳಿಗೆ ಖುಷಿ!

ನಾಲ್ಕನೇ ಶನಿವಾರ ಅಜ್ಜಿ ಹೊಲದ ಮಾತು ತೆಗೆದಳು. ಕಾವು ಅಷ್ಟು ಗಿಡ್ಡ ಯಾಕೆ ಗೊತ್ತೇ? ದಿನವಿಡೀ ಬಗ್ಗಿಯೇ ಲೆಟ್ಯೂಸ್ ಸಾಲಿನ ಕಳೆ ಕೀಳಬೇಕಿತ್ತು. ಸೊಂಟ ನೆಟ್ಟಗೆ ಮಾಡಿದವರು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿದ್ದರು, ಅವರಿಗೆ ನಾಳೆಯಿಂದ ಕೆಲಸವಿಲ್ಲ.

"ಅವನ ಹೆಸರು ಸಾಯೋವರೆಗೂ ಮರೆಯಲ್ಲ. ಹೆನಾರೊ ಓಲ್ಗಿನ್."

ನೆರೇಯ್ಡಾ ರೆಕಾರ್ಡರ್ ಆರಿಸಿದಳು. ಅದು ಅವಳ ತಾಯಿಯ ತಂದೆಯ ಹೆಸರು. ಹೆಗಲ ಮೇಲೆ ಹೊತ್ತು ಆಡಿಸಿದ ತಾತ…

ತಲೆನೋವೆಂದು ಎದ್ದು ಬಂದವಳು ಮತ್ತೆ ಹೋಗಲಿಲ್ಲ, ಫೋನನ್ನೂ ಎತ್ತಲಿಲ್ಲ. ಓದಿಗೆ ಬೇಕಾದದ್ದು ಸಿಕ್ಕಿತು, ಇನ್ನು ನಾವ್ಯಾಕೆ ಬೇಕು ಎಂದು ಎಲಿಸೆಯೊ ನೊಂದುಕೊಂಡ.

ರೆಕಾರ್ಡಿಂಗ್‌ನಿಂದ ತಾತನ ಹೆಸರಿನ ಆ ಒಂದು ಮಾತನ್ನು ಕತ್ತರಿಸಿದರೆ ಯಾರಿಗೂ ಗೊತ್ತಾಗದು. ವಿಷಯ ತಿಳಿದ ಅಮ್ಮ ಅತ್ತು ಕೇಳಿಕೊಂಡದ್ದೂ ಅದನ್ನೇ. ಆದರೆ ನಮ್ಮವರ ಕಥೆಯನ್ನು ಪುಸ್ತಕದಿಂದ ಅಳಿಸಿದರೆಂದು ನಾಲ್ಕು ವರ್ಷ ಓದಿದವಳು, ಈಗ ತಾನೇ ಅಳಿಸುವುದೇ?

ಚಿಕಾನೊ ವಿದ್ಯಾರ್ಥಿಗಳ ಪದವಿ ಸಮಾರಂಭದ ದಿನವೇ ಪ್ರದರ್ಶನ ತೆರೆಯಿತು. ಅಜ್ಜಿಯನ್ನು ಕರೆತಂದ ಎಲಿಸೆಯೊ ಗುದ್ದಲಿಯ ಮುಂದೆ ನಿಂತುಬಿಟ್ಟ. ಪಕ್ಕದ ಸ್ಪೀಕರಿನಿಂದ ಅಜ್ಜಿಯ ದನಿ ಒಂದು ಮಾತೂ ಬಿಡದೆ ಕೇಳಿಬರುತ್ತಿತ್ತು. ಹೊಸ ಚೀಟಿಯನ್ನು ಅವನು ಗಟ್ಟಿಯಾಗಿ ಓದಿದ: ‘ಎದುವಿಹೆಸ್ ಅರಾಂಬಿಡೆಯವರ ಗುದ್ದಲಿ. ಅವರನ್ನು ಬಗ್ಗಿಸಿದ ಮೇಸ್ತ್ರಿ ಹೆನಾರೊ ಓಲ್ಗಿನ್. ಬರೆದವಳು ಆತನ ಮೊಮ್ಮಗಳು.’

ವೇದಿಕೆಯಲ್ಲಿ ಪ್ರತಿಯೊಬ್ಬರಿಗೂ ಮನೆಯವರೇ ಬಣ್ಣದ ಪಟ್ಟೆಗಳ ಶಾಲು ಹೊದಿಸುವುದು ಪದ್ಧತಿ. ಮುನಿಸಿಕೊಂಡ ಅಮ್ಮ ಬಂದಿರಲಿಲ್ಲ. ತನ್ನ ಹೆಸರು ಕೂಗಿದಾಗ ನೆರೇಯ್ಡಾ ಶಾಲು ಹಿಡಿದು ಒಬ್ಬಳೇ ನಿಂತಳು.

ಅಷ್ಟರಲ್ಲಿ, ಗೂನು ಬೆನ್ನಿನ ಅಜ್ಜಿ ಮೆಟ್ಟಿಲು ಹತ್ತಿ ಬಂದು ಶಾಲಿಗೆ ಕೈ ಚಾಚಿದಳು! ಕಣ್ಣು ತುಂಬಿ ಬಂದ ನೆರೇಯ್ಡಾ ತಲೆ ಬಗ್ಗಿಸಿದಳು.

"ಬಗ್ಗಬೇಡ ಮಗಳೇ. ನನ್ನ ಮುಂದೆ ಯಾರೂ ಬಗ್ಗೋದು ಬೇಡ."

ಅಜ್ಜಿ ಕುರ್ಚಿ ತರಿಸಿದಳು. ಎಲಿಸೆಯೊ ಅದನ್ನು ಅಲುಗದಂತೆ ಹಿಡಿದ. ಅಜ್ಜಿ ಮೇಲೆ ಹತ್ತಿ, ನೆಟ್ಟಗೆ ನಿಂತ ಹುಡುಗಿಗೆ ಶಾಲು ಹೊದಿಸಿದಳು. ಸಭೆಯೆಲ್ಲ ಎದ್ದು ನಿಂತಿತು. ನೆರೇಯ್ಡಾಗೆ ತನ್ನ ಓದಿನ ಬಗ್ಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಕೆಳಗಿಳಿದ ಮೇಲೆ ಎಲಿಸೆಯೊ ಮೆಲ್ಲಗೆ ಕೇಳಿದ, "ಶನಿವಾರ ಬರ್ತೀಯಾ?"

"ರೆಕಾರ್ಡಿಂಗ್ ಮುಗೀತಲ್ಲ…"

"ಅಜ್ಜೀದು ಮುಗೀತು. ನನ್ನದು ಇನ್ನೂ ಶುರುನೇ ಆಗಿಲ್ಲ."

"ಎಲ್ಲಿಂದ ಶುರು ಮಾಡ್ತೀಯ?"

"ಚೀಟಿ ಕಿತ್ತು ಹಾಕಿ ಅಂದ್ನಲ್ಲ, ಅಲ್ಲಿಂದ. ಅವತ್ತೇ ನೀನು ನನಗೆ ಇಷ್ಟ ಆಗಿದ್ದು."